ಸೌದೆ ನಮ್ಮದು, ಹೊಗೆ ನಮ್ಮದು, ಲಾಭ ಯಾರದು?

ಸೌದೆಗೆ ಈಗ ಹೊಸ ಮರ್ಯಾದೆ ಬಂದಿದೆ. ನಮ್ಮ ತಾಯಂದಿರು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತಂದಾಗ ಅದು ದಾರಿದ್ರ್ಯದ ಗುರುತಾಗಿತ್ತು. ಅದೇ ಸೌದೆಯನ್ನು ಯಂತ್ರಕ್ಕೆ ಕೊಟ್ಟು ಕೊಚ್ಚಿ, ಚಕ್ಕೆ ಮಾಡಿ, ಲಾರಿಗೆ ತುಂಬಿ ಕಾರ್ಖಾನೆಯ ಬಾಯ್ಲರಿಗೆ ಸುರಿದರೆ ಅದಕ್ಕೆ ‘ಹಸಿರು ಇಂಧನ’ವೆಂಬ ಬಿರುದು ಸಿಗುತ್ತದೆ. ಬಡವಿ ಸುಟ್ಟರೆ ಕಾಡಿನ ನಾಶ, ಬಂಡವಾಳಗಾರ ಸುಟ್ಟರೆ ಭೂಮಿಯ ಉದ್ಧಾರ! ಈ ಎರಡು ನಾಲಗೆಯ ಮಾತನ್ನು ತುಮಕೂರು ಜಿಲ್ಲೆಯ ಜನ ಸುಮ್ಮನೆ ಕೇಳಿಕೊಂಡು ಕೂರಬೇಕಾಗಿಲ್ಲ. ಏಕೆಂದರೆ ಸೌದೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬ ಪ್ರಯೋಗ ನಡೆದದ್ದು ನಮ್ಮ ನೆಲದಲ್ಲಿಯೇ. ಅದರ ಲೆಕ್ಕವನ್ನು ಇವತ್ತು ಓದುಗರ ಮುಂದೆ ಬಿಚ್ಚಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಮನೆಯ ಮಾತು. ಯುರೋಪಿನವರಂತೆ ಚಳಿಗಾಲದಲ್ಲಿ ಮನೆಯನ್ನೇ ಕಾಯಿಸಿಕೊಳ್ಳುವ ಗೋಜು ನಮಗಿಲ್ಲ. ನಮ್ಮಲ್ಲಿ ಕಾಯಿಸುವುದು ಎಂದರೆ ಬಚ್ಚಲ ಹಂಡೆ. ಗುಬ್ಬಿ ಕಡೆಯ ತೋಟದ ಮನೆಯಲ್ಲಿ ಹಂಡೆಯ ಒಲೆಗೆ ತೆಂಗಿನ ಸೋಗೆ, ಮಟ್ಟೆ, ಕರಟ ಹೋಗುತ್ತವೆ. ಕುಣಿಗಲ್ ಕಡೆಯ ಹೊಲದ ಮನೆಯಲ್ಲಿ ಬೇಲಿಯ ಜಾಲಿ, ಹೊಂಗೆಯ ಒಣ ರೆಂಬೆ, ತೊಗರಿ ಕಡ್ಡಿ ಹೋಗುತ್ತವೆ. ತೋಟ ಹೊಲ ಎರಡೂ ಇಲ್ಲದ ಕೂಲಿಯವಳು ಮಾತ್ರ ಊರ ಗೋಮಾಳವನ್ನೋ, ಕೆರೆಯಂಗಳವನ್ನೋ, ಇನ್ನೊಬ್ಬರ ಬದುವನ್ನೋ ಹುಡುಕಿಕೊಂಡು ಹೋಗಬೇಕು. ಊರಿನ ಸೌದೆಯ ಪ್ರಶ್ನೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಇವಳ ತಲೆಯ ಮೇಲೆ. ಯಾವ ಯೋಜನೆಯೇ ಬರಲಿ, ಅದರಿಂದ ಇವಳ ಹೊರೆ ಇಳಿಯಿತೋ ಏರಿತೋ ಎಂಬುದೊಂದೇ ನಮ್ಮ ಅಳತೆಗೋಲು. ಹೆಂಗಸರ ಒಲೆಯ ಹೊಗೆ, ಕುಡಿಯುವ ನೀರು, ಪಾಯಖಾನೆ ಇವು ರಾಜಕೀಯದ ಪ್ರಶ್ನೆಗಳೆಂದು ಡಾ. ಲೋಹಿಯಾ ಎತ್ತಿ ಹೇಳಿದಾಗ ದೊಡ್ಡ ಮನುಷ್ಯರು ಮೂಗು ಮುರಿದಿದ್ದರು. ಆ ಪ್ರಶ್ನೆಗಳು ಇಂದೂ ಹಾಗೆಯೇ ನಿಂತಿವೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗವನ್ನು ಕಟ್ಟಿದರು. ವಿಜ್ಞಾನ ಹಳ್ಳಿಗೆ ಬರಬೇಕು ಎಂಬುದು ಅವರ ಸಂಕಲ್ಪ. ಅದಕ್ಕೆ ಅವರು ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕು. ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆಯಿತು. ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾರು ಏನು ಸುಡುತ್ತಾರೆ, ಎಷ್ಟು ಸುಡುತ್ತಾರೆ, ಅದನ್ನು ತರುವವರು ಯಾರು ಎಂದು ಲೆಕ್ಕ ಹಾಕಿದರು. ಪುರದಲ್ಲಿ ಖರ್ಚಾಗುವ ಶಕ್ತಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸೌದೆಯದೆಂದು ತಿಳಿಯಿತು. ಕಂಬ ತಂತಿ ಬಂದಿದ್ದ ಆ ಊರಿನಲ್ಲಿ ವಿದ್ಯುತ್ತಿನ ಪಾಲು ನೂರಕ್ಕೆ ಒಂದೂ ಇರಲಿಲ್ಲ. ಸೌದೆ ಆಯ್ದು ತರುವ ದುಡಿತ ಹೆಂಗಸರದು, ಮಕ್ಕಳದು. ಸಂಬಳದ ಲೆಕ್ಕದಲ್ಲಿ ಎಲ್ಲಿಯೂ ಕಾಣದ ದುಡಿತ ಅದು. ದೇಶದ ಯೋಜನಾ ಆಯೋಗ ಕಲ್ಲಿದ್ದಲು, ಎಣ್ಣೆ ಎಂದು ಗ್ರಂಥಗಳನ್ನು ಬರೆಯುತ್ತಿದ್ದಾಗ ಕುಣಿಗಲ್ಲಿನ ಹಳ್ಳಿಯ ಲೆಕ್ಕ ಬೇರೊಂದು ಭಾರತವನ್ನು ತೋರಿಸಿತು.

ಆ ಲೆಕ್ಕದಿಂದ ಮೂರು ಕೆಲಸಗಳು ಹುಟ್ಟಿದವು. ಒಂದು, ಅಸ್ತ್ರ ಒಲೆ: ಮುಚ್ಚಿದ ಬಾಯಿ, ಕೆಳಗೆ ಜಾಲರಿ, ಮೂರು ಪಾತ್ರೆ ಇಡುವ ಕುಳಿ, ಹೊಗೆ ಹೊರಗೆ ಹೋಗಲು ಕೊಳವೆ. ಎರಡು, ಪುರದಲ್ಲಿ 1987ರಲ್ಲಿ ಊರೊಟ್ಟಿನ ಗೋಬರ್ ಗ್ಯಾಸಿನಿಂದ ದೀಪ ಮತ್ತು ನೀರು. ಮೂರನೆಯದು ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆ ಚಕ್ಕೆಯಿಂದ ವಿದ್ಯುಚ್ಛಕ್ತಿ ತೆಗೆಯುವ ಯಂತ್ರ ಕೂತಿತು.

ಯಂತ್ರದ ಗುಟ್ಟು ಸರಳ. ಒಣಗಿಸಿ ಸಣ್ಣಗೆ ತುಂಡರಿಸಿದ ಸೌದೆಯನ್ನು ಮುಚ್ಚಿದ ಕೊಳಗದಂಥ ಪಾತ್ರೆಗೆ ಹಾಕಿ, ಬೇಕಾದ್ದಕ್ಕಿಂತ ಕಡಿಮೆ ಗಾಳಿ ಬಿಟ್ಟು ಸುಡುತ್ತಾರೆ. ಪೂರ್ತಿ ಉರಿಯಲಾರದೆ ಅದು ಉರಿಯುವ ಅನಿಲವಾಗುತ್ತದೆ. ಅದನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಕೊಟ್ಟರೆ ಡೀಸಲ್ಲಿನ ಕೆಲಸವನ್ನು ಸೌದೆ ಮಾಡುತ್ತದೆ. ಸೌದೆ ಹಸಿಯಿದ್ದರೆ ಮಾತ್ರ ಯಂತ್ರ ಮುನಿಯುತ್ತದೆ: ಡಾಂಬರಿನಂಥ ಜಿಗುಟು ಎಂಜಿನ್ನಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಕೊಚ್ಚುವವರು, ಒಣಗಿಸುವವರು, ಸೋಸುಗ ತೊಳೆಯುವವರು ಬೇಕು. ಅಂದರೆ ಈ ವಿದ್ಯುತ್ತಿನಲ್ಲಿ ಊರಿನವರ ಕೈದುಡಿತ ಸೇರಿದೆ. ಈ ಮಾತನ್ನು ಓದುಗರು ನೆನಪಿಡಬೇಕು.

ಹೊಸಹಳ್ಳಿ ಎಷ್ಟು ದೊಡ್ಡದು? ನಲವತ್ತರ ಆಸುಪಾಸಿನ ಮನೆಗಳ ಪುಟ್ಟ ಊರು. ಸರಕಾರದ ಕಂಬ ಅಲ್ಲಿಗೆ ಬಂದಿರಲಿಲ್ಲ. ಮೊದಲು ಸಣ್ಣ ಯಂತ್ರ, ಆಮೇಲೆ 20 ಕಿಲೋವ್ಯಾಟಿನದು. ಊರವರ ಪಾಲಿನ ನೆಲದಲ್ಲಿ ಸೌದೆಗೆಂದೇ ಮರ ಬೆಳೆಸಿದರು. ಮನೆಗಳಿಗೆ ದೀಪ ಬಂತು, ನಲ್ಲಿಯಲ್ಲಿ ನೀರು ಬಂತು, ಹಿಟ್ಟಿನ ಗಿರಣಿ ತಿರುಗಿತು. ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದು ನಡೆಯಿತು. ಕೊನೆಯ ಆರು ವರ್ಷಗಳ ಲೆಕ್ಕದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ದಿನ ದೀಪ ಉರಿದಿತ್ತು, ನೀರು ಹರಿದಿತ್ತು ಎಂದು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಅದೇ ವರ್ಷಗಳಲ್ಲಿ ಸರಕಾರಿ ಕಂಬವಿದ್ದ ಎಷ್ಟು ಹಳ್ಳಿಗಳಿಗೆ ಈ ಭಾಗ್ಯವಿತ್ತು? ನಮ್ಮ ಓದುಗರೇ ಎದೆ ಮುಟ್ಟಿಕೊಂಡು ಹೇಳಲಿ.

ಇಷ್ಟಾದ ಮೇಲೆ ಸರಕಾರಕ್ಕೆ ಉತ್ಸಾಹ ಬಂತು. 2001ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು, ಜಾಗತಿಕ ಪರಿಸರ ನಿಧಿಯ ಹಣ, ರಾಜ್ಯ ಸರಕಾರದ ಪಾಲು ಎಲ್ಲವನ್ನೂ ಕೂಡಿಸಿ ತುಮಕೂರು ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿಗೆ ಜೀವರಾಶಿ ಶಕ್ತಿ ಯೋಜನೆ ಬಂತು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟಿನ ಸ್ಥಾವರ ನಿಂತು, 2007ರಲ್ಲಿ ಅದರ ವಿದ್ಯುತ್ತು ಬೆಸ್ಕಾಂ ಜಾಲಕ್ಕೆ ಹರಿಯಿತು. ಗ್ರಾಮ ಪಂಚಾಯಿತಿ ವಿದ್ಯುತ್ತನ್ನು ಮಾರುವುದೆಂದರೆ ಸಾಮಾನ್ಯ ಸಂಗತಿಯೇ? ಪಂಚಾಯಿತಿ ಎಂದರೆ ಚರಂಡಿ ಮತ್ತು ಬೀದಿ ದೀಪ ಎಂದುಕೊಂಡಿದ್ದವರಿಗೆ ಅದು ಪಾಠವಾಗಬೇಕಿತ್ತು.

ಆದರೆ ಬೆಲೆ ಕಟ್ಟಿದವರು ಯಾರು? ಯೂನಿಟ್ಟಿಗೆ 2 ರೂಪಾಯಿ 85 ಪೈಸೆ ಎಂದು ಗೊತ್ತಾಯಿತು. ಈಗ ಲೆಕ್ಕ ಹಾಕೋಣ. ಕಬ್ಬಿಗೆರೆಯ 100 ಕಿಲೋವ್ಯಾಟಿನ ಯಂತ್ರವನ್ನು ಅಳೆದ ವಿಜ್ಞಾನಿಗಳ ಪ್ರಕಾರ ಒಂದು ಯೂನಿಟ್ಟಿಗೆ 1.36 ಕಿಲೋ ಒಣ ಸೌದೆ ಬೇಕು. ಸೌದೆ ಬೆಳೆದ ರೈತನಿಗೆ ಕಿಲೋಗೆ ಒಂದೂವರೆ ರೂಪಾಯಿ ಕೊಟ್ಟರೆ ಸೌದೆಗೇ 2 ರೂಪಾಯಿ 4 ಪೈಸೆ ಹೋಯಿತು. ಉಳಿದ 81 ಪೈಸೆಯಲ್ಲಿ ಕೊಚ್ಚುವ ಕೂಲಿ, ಒಣಗಿಸುವ ಕೂಲಿ, ಯಂತ್ರ ನಡೆಸುವವರ ಸಂಬಳ, ಎಣ್ಣೆ, ಸೋಸುಗ, ರಿಪೇರಿ ಎಲ್ಲವೂ ಆಗಬೇಕು. ಕಿಲೋಗೆ ಎರಡು ರೂಪಾಯಿ ಕೊಟ್ಟರೆ ಉಳಿಯುವುದು 13 ಪೈಸೆ! ಹೊಸಹಳ್ಳಿಯ ಯಂತ್ರ ಪೂರ್ಣ ಹೊರೆಯಲ್ಲಿ ಓಡಿದಾಗಲೂ ಯೂನಿಟ್ಟಿನ ಖರ್ಚು 3 ರೂಪಾಯಿ 34 ಪೈಸೆ ಬೀಳುತ್ತದೆಂದು 2004ರಲ್ಲಿಯೇ ಅಚ್ಚಾಗಿತ್ತು. ಕಬ್ಬಿಗೆರೆಯ ಯಂತ್ರ ದೊಡ್ಡದು, ಖರ್ಚು ಕೊಂಚ ಇಳಿದೀತು ಎಂದೇ ಒಪ್ಪಿಕೊಳ್ಳೋಣ. ಆದರೂ ಈ ಬೆಲೆಯಲ್ಲಿ ಒಂದೋ ಸೌದೆ ಬೆಳೆದ ರೈತ ಸಾಯಬೇಕು, ಇಲ್ಲವೇ ಕೊಚ್ಚುವ ಕೂಲಿ ಸಾಯಬೇಕು, ಎರಡೂ ಬೇಡವೆಂದರೆ ಯಂತ್ರ ಸಾಯಬೇಕು.

ಸರಕಾರದ ಕೈಯಲ್ಲಿ ಹೆಚ್ಚು ಕೊಡಲು ಹಣವಿರಲಿಲ್ಲವೇ? ಇತ್ತು. 2008ರ ಡಿಸೆಂಬರಿನಲ್ಲಿ ಇದೇ ರಾಜ್ಯ ಸರಕಾರ ವಿದ್ಯುಚ್ಛಕ್ತಿ ಕಾಯಿದೆಯ 11ನೇ ಕಲಮನ್ನು ಹಿಡಿದು ಖಾಸಗಿ ಉತ್ಪಾದಕರಿಂದ ಯೂನಿಟ್ಟಿಗೆ ಐದು ರೂಪಾಯಿಗೂ ಮಿಗಿಲಾದ ದರ ಕೊಟ್ಟು ವಿದ್ಯುತ್ತು ಕೊಂಡಿತು. ಕಂಪನಿಗೆ ಐದಕ್ಕೂ ಮೇಲೆ, ಪಂಚಾಯಿತಿಗೆ ಎರಡೂ ಮುಕ್ಕಾಲು ಚಿಲ್ಲರೆ! ಇದರಲ್ಲಿ ತಾಂತ್ರಿಕ ರಹಸ್ಯವೇನೂ ಇಲ್ಲ, ಇರುವುದು ವರ್ಗದ ಪಕ್ಷಪಾತ.

ಇನ್ನೊಂದು ಕಟ್ಟೂ ಇತ್ತು. ಜಾಲಕ್ಕೆ ಕಟ್ಟಿದ ಇಂಥ ಯಂತ್ರ ಜಾಲ ಸತ್ತೊಡನೆ ತಾನೂ ನಿಲ್ಲಬೇಕು; ಇಲ್ಲದಿದ್ದರೆ ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮನ್ನಿನ ಪ್ರಾಣಕ್ಕೆ ಅಪಾಯ. ಹಳ್ಳಿಯ ತಂತಿಯಲ್ಲಿ ಕರೆಂಟು ಹೋಗುವುದು ದಿನದ ಮಾತು. ತಂತಿ ನಿಂತಾಗಲೆಲ್ಲ ಒಣಗಿಸಿಟ್ಟ ಸೌದೆ ಬಿದ್ದಿರುತ್ತದೆ, ಕೂಲಿಯವರು ಕೈಕಟ್ಟಿ ಕೂರುತ್ತಾರೆ, ನಷ್ಟ ಪಂಚಾಯಿತಿಯ ಖಾತೆಗೆ ಬೀಳುತ್ತದೆ. ಹೊಸಹಳ್ಳಿಯ ಯಂತ್ರ ಊರಿಗಾಗಿ ಓಡಿತು, ಊರಿಗೆ ಅದರ ದೀಪ ಕಾಣುತ್ತಿತ್ತು. ಜಾಲಕ್ಕೆ ಮಾರುವ ಯಂತ್ರದ ಬೆಳಕು ತಂತಿ ಹಿಡಿದು ಎಲ್ಲಿಗೋ ಹೋಗುತ್ತದೆ, ಬಿಲ್ಲು ಮಾತ್ರ ಇಲ್ಲಿಗೆ ಬರುತ್ತದೆ.

ಯೋಜನೆಯ ಗಡುವು 2012ರಲ್ಲಿ ಮುಗಿಯಿತು. ಅದು ಜಿಲ್ಲೆಯ ಹೋಬಳಿ ಹೋಬಳಿಗೆ ಹರಡಬೇಕಾಗಿತ್ತು, ಹರಡಲಿಲ್ಲ. ಈಗ ಪೇಟೆಯ ಪಂಡಿತರು ಹೇಳುವ ಮಾತೇನು? ‘ಹಳ್ಳಿಯವರಿಗೆ ಯಂತ್ರ ನಡೆಸಲು ಬರುವುದಿಲ್ಲ, ಅವರಲ್ಲಿ ಒಗ್ಗಟ್ಟಿಲ್ಲ, ದುಡ್ಡು ಕಟ್ಟುವುದಿಲ್ಲ’ ಎಂದು. ಈ ಅಪವಾದವನ್ನು ನಾವು ಸಾರಾಸಗಟಾಗಿ ತಿರಸ್ಕರಿಸುತ್ತೇವೆ. ಹದಿನಾಲ್ಕು ವರ್ಷ ಹೊಸಹಳ್ಳಿಯಲ್ಲಿ ಯಂತ್ರ ನಡೆಸಿದವರು ಹಳ್ಳಿಯ ಹುಡುಗರೇ. ಹೌದು, ಊರೆಂದ ಮೇಲೆ ಜಗಳವಿರುತ್ತದೆ, ಬಾಕಿ ಇರುತ್ತದೆ, ಜಾತಿಯ ಗೋಡೆಯೂ ಇರುತ್ತದೆ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರು ಎಂದು ಕಟ್ಟುಹಾಕಿ, ಆಮೇಲೆ ನಷ್ಟವಾಯಿತೆಂದು ಬೈಯುವುದು ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿ ಮೇಯಲಿಲ್ಲವೆಂದು ಹೊಡೆದ ಹಾಗೆ.

ಹಾಗಾದರೆ ಸೌದೆ ಚಕ್ಕೆಯನ್ನು ಕಣ್ಣು ಮುಚ್ಚಿಕೊಂಡು ಬೆಂಬಲಿಸಬೇಕೇ? ಇಲ್ಲ. ಯಂತ್ರಕ್ಕೆ ಹೊಟ್ಟೆ ದೊಡ್ಡದು. 500 ಕಿಲೋವ್ಯಾಟಿನ ಸ್ಥಾವರ ಹತ್ತು ಗಂಟೆ ಪೂರ್ಣವಾಗಿ ಓಡಿದರೆ ದಿನಕ್ಕೆ ಏಳು ಟನ್ನಿನ ಹತ್ತಿರ ಒಣ ಸೌದೆ ನುಂಗುತ್ತದೆ. ಇದು ಎಲ್ಲಿಂದ ಬರಬೇಕು? ಬೇಗ ಬೆಳೆಯುವ ಮರ ಹಾಕಿ ಎನ್ನುತ್ತಾರೆ. ಬೇಗ ಬೆಳೆಯುವ ಮರವೆಂದರೆ ಏನೆಂದು ತುಮಕೂರಿನವರಿಗೆ ಕಲಿಸಬೇಕಾಗಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯವೆಂಬ ಹೆಸರಿನಲ್ಲಿ, ವಿಶ್ವಬ್ಯಾಂಕಿನ ಸಾಲದಲ್ಲಿ, ನೀಲಗಿರಿ ಸಸಿಗಳು ಲೆಕ್ಕವಿಲ್ಲದಷ್ಟು ಬಂದವು. ಬಡವರ ಒಲೆಗೆ ಸೌದೆ ಎಂದು ಹೇಳಿದರು. ಬೆಳೆದ ಮರ ಹೋದದ್ದು ನಾರು ಮತ್ತು ಕಾಗದದ ಕಾರ್ಖಾನೆಗಳಿಗೆ. ದೊಡ್ಡ ಹಿಡುವಳಿದಾರರು ರಾಗಿಯ ಹೊಲಕ್ಕೆ ನೀಲಗಿರಿ ಹಾಕಿ ಪಟ್ಟಣ ಸೇರಿದರು, ಕಳೆ ಕೀಳುವ, ಕೊಯ್ಯುವ, ಬಡಿಯುವ ಕೂಲಿ ಹೋಯಿತು, ಹುಲ್ಲೂ ಹೋಯಿತು. 1983ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿ ಮಡಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು. ನಾಲ್ಕು ವರ್ಷದ ಮೇಲೆ, 1987ರ ನವೆಂಬರ್ 14ರಂದು ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ರೈತರಿಗೆ 1983ರಲ್ಲಿ ತಿಳಿದದ್ದು ಸರಕಾರಕ್ಕೆ ತಿಳಿಯಲು 34 ವರ್ಷ ಹಿಡಿಯಿತು!

ಎರಡನೆಯ ಅಪಾಯ ಇನ್ನೂ ಮೆಲ್ಲಗೆ ಬರುವಂಥದು. ಬೆಲೆಯಿಲ್ಲದ ವಸ್ತುವಿಗೆ ಬೆಲೆ ಬಂದ ದಿನ ಬಡವನ ಕೈಯಿಂದ ಅದು ಜಾರುತ್ತದೆ. ಗುಬ್ಬಿ, ತಿಪಟೂರು ಸೀಮೆಯ ತೆಂಗಿನ ಕರಟವನ್ನೇ ನೋಡಿ. ಒಂದು ಕಾಲಕ್ಕೆ ಅದು ಕೇಳಿದವರ ಒಲೆಗೆ ಹೋಗುತ್ತಿತ್ತು. ಇದ್ದಿಲಿನ ಭಟ್ಟಿಗಳು ಬಂದ ಮೇಲೆ ಅದು ತೂಕದ ಸರಕಾಯಿತು. ತೋಟದ ಒಡೆಯನಿಗೆ ನಾಲ್ಕು ಕಾಸು ಬಂತು, ಬರಲಿ, ನಮಗೆ ಹೊಟ್ಟೆಯುರಿಯಿಲ್ಲ. ಆದರೆ ಅವನ ತೋಟದಲ್ಲಿ ಕಾಯಿ ಸುಲಿದವನ ಹೆಂಡತಿಯ ಒಲೆಗೆ ಏನು ಬಂತು? ನಾಳೆ ಸೋಗೆ ಮಟ್ಟೆಗೂ, ಬೇಲಿಯ ಬಳ್ಳಾರಿ ಜಾಲಿಗೂ ಚಕ್ಕೆ ಯಂತ್ರದ ಗುತ್ತಿಗೆದಾರ ಬೆಲೆ ಕಟ್ಟಿದರೆ, ‘ನಮ್ಮ ಬದುವಿನಲ್ಲಿ ಕಡ್ಡಿ ಮುಟ್ಟಬೇಡ’ ಎಂಬ ಮಾತು ಊರೂರಿನಲ್ಲಿ ಕೇಳಿಸುತ್ತದೆ. ಇದು ಕಾನೂನಿನ ಯಾವ ಪುಟದಲ್ಲಿಯೂ ದಾಖಲಾಗದ ಒಕ್ಕಲೆಬ್ಬಿಸುವಿಕೆ.

ಇದು ನಮ್ಮ ಕಲ್ಪನೆಯೆಂದು ಯಾರಾದರೂ ನಕ್ಕರೆ ಅವರು ಇಂಗ್ಲೆಂಡಿನ ಕಡೆ ನೋಡಲಿ. ಯಾರ್ಕ್‌ಷೈರಿನ ಡ್ರಾಕ್ಸ್ ವಿದ್ಯುತ್ ಸ್ಥಾವರ ಕಲ್ಲಿದ್ದಲು ಬಿಟ್ಟು ಸೌದೆಗೆ ತಿರುಗಿತು. ಸೌದೆ ಬರುವುದು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಕೆನಡದಿಂದ, ಸಮುದ್ರ ದಾಟಿ, ಗುಳಿಗೆಗಳ ರೂಪದಲ್ಲಿ. ಇದಕ್ಕೆ ಅಲ್ಲಿನ ಜನರ ವಿದ್ಯುತ್ ಬಿಲ್ಲಿನಿಂದ ಸಹಾಯಧನ! ಕಾಡನ್ನು ಸುಟ್ಟು ಹವೆಯನ್ನು ಉಳಿಸುತ್ತೇವೆಂಬ ಲೆಕ್ಕ ತಪ್ಪೆಂದು 2021ರ ಫೆಬ್ರುವರಿಯಲ್ಲಿ ಐನೂರು ವಿಜ್ಞಾನಿಗಳು ದೊಡ್ಡ ದೇಶಗಳ ನಾಯಕರಿಗೆ ಪತ್ರ ಬರೆದರು. ಮರ ಸುಡಲು ಒಂದು ಗಂಟೆ, ಬೆಳೆಯಲು ಹತ್ತಾರು ವರ್ಷ. ಈ ನಡುವಿನ ಸಾಲವನ್ನು ತೀರಿಸುವವರು ಯಾರು? ನಮ್ಮ ಕೇಂದ್ರ ಸರಕಾರವೂ 2021ರ ಅಕ್ಟೋಬರಿನಲ್ಲಿ ಕಲ್ಲಿದ್ದಲು ಸ್ಥಾವರಗಳು ಜೀವರಾಶಿಯ ಗುಳಿಗೆಗಳನ್ನು ಬೆರೆಸಿ ಸುಡಬೇಕೆಂಬ ನಿಯಮ ಮಾಡಿತು. ಹೊಲದ ತ್ಯಾಜ್ಯವನ್ನು ಬಳಸುವುದೆಂದರೆ ಸರಿ. ಆದರೆ ಆ ಬೇಡಿಕೆಯ ಬಾಯಿ ನಾಳೆ ನಮ್ಮ ಗೋಮಾಳದ ಕಡೆ ತಿರುಗದಂತೆ ಕಾಯುವವರು ಯಾರು?

ಮತ್ತೆ ಕೆಲವರು ಕೇಳುತ್ತಾರೆ: ‘ಗ್ಯಾಸು ಬಂದಿದೆಯಲ್ಲ, ಸೌದೆಯ ಮಾತು ಇನ್ನೇಕೆ?’ ಬಂದಿದೆ, ಸಂತೋಷ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 80 ಮನೆಗಳು ಶುದ್ಧ ಇಂಧನ ಬಳಸುತ್ತಿದ್ದವು. ಹೆಂಗಸರು ಹೊಗೆ ಕುಡಿಯುವುದು ತಪ್ಪಬೇಕು, ಅಡಿಗೆಗೆ ಗ್ಯಾಸೇ ಸರಿ. ಈ ವಿಷಯದಲ್ಲಿ ನಮಗೆ ಅನುಮಾನವಿಲ್ಲ. ಸೌದೆಯ ಗುಣಗಾನ ಮಾಡಿ ಬಡವರನ್ನು ಹೊಗೆಯಲ್ಲಿಯೇ ಕೂರಿಸುವ ಪುಣ್ಯಾತ್ಮರ ಗುಂಪಿಗೆ ನಾವು ಸೇರಿದವರಲ್ಲ. ಆದರೆ 2016ರಲ್ಲಿ ಉಜ್ವಲಾ ಎಂದು ಒಲೆ ಕೊಟ್ಟ ಸರಕಾರ, 2020ರ ಮಧ್ಯದಲ್ಲಿ ಸಾಮಾನ್ಯ ಗ್ರಾಹಕರ ಸಬ್ಸಿಡಿಯನ್ನು ಸದ್ದಿಲ್ಲದೆ ನಿಲ್ಲಿಸಿತು. ಉಜ್ವಲಾದವರಿಗೆ 2022ರಲ್ಲಿ 200, 2023ರಲ್ಲಿ 300 ರೂಪಾಯಿ ಎಂದಿತು. ಉಳಿದದ್ದನ್ನು ಕೂಲಿಯವಳು ತನ್ನ ಕೈಯಿಂದ ಹಾಕಬೇಕು. ಆದ್ದರಿಂದ ಸಿಲಿಂಡರು ಮೂಲೆಯಲ್ಲಿ ನೆಂಟರಿಗೆ ಕಾಯುತ್ತದೆ. ಹಂಡೆಗೂ ಮುದ್ದೆಗೂ ಸೌದೆಯೇ ಗತಿ.

ಜಿಲ್ಲೆಯಲ್ಲಿ ಶಕ್ತಿಗೆ ಬರವೇ? ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಹರಡಿಕೊಂಡಿದೆ. ಅದಕ್ಕಾಗಿ ಸರಕಾರದ ಕಂಪನಿ ನೆಲವನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಿಡಿಯಿತು, ರಸ್ತೆ, ತಂತಿ ಎಲ್ಲವನ್ನೂ ತಾನೇ ಹಾಕಿತು. ನೆಲವಿದ್ದವನಿಗೆ ಗುತ್ತಿಗೆ ಹಣ ಸಿಕ್ಕಿತು. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ, ಸೌದೆ ಆಯುತ್ತಿದ್ದವಳಿಗೆ ಯಾವ ಗುತ್ತಿಗೆಯೂ ಇಲ್ಲ. ದೊಡ್ಡ ಕಂಪನಿಗೆ ಸಿದ್ಧ ನೆಲ, ಸಿದ್ಧ ತಂತಿ. ಪಂಚಾಯಿತಿಯ ಸೌದೆ ಯಂತ್ರಕ್ಕೆ 2 ರೂಪಾಯಿ 85 ಪೈಸೆ. ಸೂರ್ಯನೂ ಮರವೂ ಎಲ್ಲರವು. ಅವುಗಳಿಂದ ಬಂದ ಶಕ್ತಿಗೆ ಮಾತ್ರ ಯಜಮಾನರಿದ್ದಾರೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ.

ಒಂದು: ಗೋಮಾಳ, ಕೆರೆಯಂಗಳ, ಗುಂಡುತೋಪುಗಳಲ್ಲಿ ಒಣ ಸೌದೆ ಆಯ್ದುಕೊಳ್ಳುವ ಭೂಹೀನರ ಹಕ್ಕನ್ನು ಪ್ರತಿ ಗ್ರಾಮ ಪಂಚಾಯಿತಿಯೂ ಠರಾವು ಮಾಡಿ ದಾಖಲಿಸಬೇಕು. ಚಕ್ಕೆ ಗುತ್ತಿಗೆದಾರನಿಗೆ ಸಾರ್ವಜನಿಕ ನೆಲದ ಒಂದು ಕಡ್ಡಿಯನ್ನೂ ಹರಾಜು ಹಾಕಕೂಡದು.

ಎರಡು: ಸೌದೆಗೆಂದು ನೆಡುವುದಾದರೆ ಹೊಂಗೆ, ಹುಣಸೆ, ಬೇವು, ಹಲಸಿನಂಥ ಮರಗಳನ್ನು ನೆಡಬೇಕು, ರೆಂಬೆ ಕಡಿದು ಬುಡ ಉಳಿಸಬೇಕು. ರಾಗಿ ಬೆಳೆಯುವ ಹೊಲ ಯಂತ್ರದ ಮೇವಾಗಕೂಡದು.

ಮೂರು: ಪಂಚಾಯಿತಿಯೋ ಸಹಕಾರ ಸಂಘವೋ ತೆಗೆದ ವಿದ್ಯುತ್ತಿಗೆ, ಸೌದೆಯ ಬೆಲೆ ಮತ್ತು ಕನಿಷ್ಠ ಕೂಲಿಯನ್ನು ಲೆಕ್ಕ ಹಿಡಿದು ದರ ಕಟ್ಟಬೇಕು. ಕೂಲಿ ಏರಿದಾಗ ದರವೂ ಏರಬೇಕು. ಮೊದಲ ಹಕ್ಕು ಆ ಊರಿನ ದೀಪಕ್ಕೆ, ನೀರಿಗೆ, ಗಿರಣಿಗೆ, ಉಳಿದದ್ದು ಜಾಲಕ್ಕೆ.

ನಾಲ್ಕು: ಚಕ್ಕೆ ಸುಡುವ ಕಾರ್ಖಾನೆಗಳು ಎಷ್ಟು ಸೌದೆಯನ್ನು ಎಲ್ಲಿಂದ ತರುತ್ತವೆ ಎಂಬುದನ್ನು ಪ್ರತಿವರ್ಷ ಜಿಲ್ಲಾ ಪಂಚಾಯಿತಿಯ ಮುಂದೆ ಬಹಿರಂಗವಾಗಿ ಇಡಬೇಕು.

ಐದು: ಅಡಿಗೆಯ ಗ್ಯಾಸು ಕೂಲಿಯವಳ ಒಂದು ದಿನದ ಕೂಲಿಯನ್ನು ಮೀರದ ಬೆಲೆಗೆ ಸಿಗಬೇಕು. ಅದು ಸಿಗುವವರೆಗೆ ಕೊಳವೆಯುಳ್ಳ ಒಲೆಯನ್ನು ಸರಕಾರ ತನ್ನ ಖರ್ಚಿನಲ್ಲಿ ಕಟ್ಟಿಸಿ, ವರ್ಷಕ್ಕೊಮ್ಮೆ ರಿಪೇರಿಯನ್ನೂ ಮಾಡಿಸಬೇಕು. 1980ರ ದಶಕದಿಂದ 2002ರವರೆಗೆ ಹೊಗೆರಹಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕೋಟಿಗಟ್ಟಲೆ ಒಲೆ ಕಟ್ಟಿ, ಒಡೆದಾಗ ಯಾರೂ ತಿರುಗಿ ನೋಡದಿದ್ದುದನ್ನು ದೇಶ ಕಂಡಿದೆ.

ಇವು ಆಕಾಶದ ಹೂವುಗಳಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಮೇಲೆ ಜಗಳ ತೆಗೆದಾಗ, ಇಷ್ಟು ಸಣ್ಣದಕ್ಕೆ ಸತ್ಯಾಗ್ರಹವೇ ಎಂದು ಕೇಳಿದವರಿದ್ದರು. ಆ ಕೊಳಗದ ಹಿಂದೆ ಇದ್ದದ್ದು ನೆಲ ಯಾರದು ಎಂಬ ಪ್ರಶ್ನೆ. ಅದಕ್ಕೆ ಕಾಯಿದೆಯ ಉತ್ತರ ಬರಲು 1974ರವರೆಗೆ ಕಾಯಬೇಕಾಯಿತು. ಕೇಳದಿದ್ದರೆ ಅದೂ ಬರುತ್ತಿರಲಿಲ್ಲ. ಇಂದು ಸೌದೆ ಚಕ್ಕೆಯ ಹಿಂದೆಯೂ ಅಂಥದೇ ಪ್ರಶ್ನೆಯಿದೆ: ಮರ ಯಾರದು, ಯಂತ್ರ ಯಾರದು, ಬೆಲೆ ಕಟ್ಟುವವರು ಯಾರು?

ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಓದುಗರು, ಅದರಲ್ಲಿಯೂ ನಮ್ಮ ಅಕ್ಕತಂಗಿಯರು, ಎದ್ದು ನಿಂತು ಮೊದಲನೆಯ ಬೇಡಿಕೆಯನ್ನು ಠರಾವಿಗೆ ಹಾಕಿಸಲಿ. ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ ಬರೆದುಕೊಂಡು ಹೋಗಲಿ. ಅಧ್ಯಕ್ಷರು ‘ನೋಡೋಣ’ ಎಂದರೆ ಕೂರದಿರಲಿ. ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳುವವರೆಗೆ ನಿಂತಿರಲಿ. ಹೊರೆ ಹೊತ್ತು ಮೈಲಿಗಟ್ಟಲೆ ನಡೆದವರಿಗೆ ಅಷ್ಟು ಹೊತ್ತು ನಿಲ್ಲುವುದು ಕಷ್ಟವಾಗಲಾರದು.